ತವರು ಒಲ್ಲದ ವೈದ್ಯ: ಡಾ. ಪಲ್ಪು

ಹೆಸರಘಟ್ಟದ ಕೆರೆಯ ನೀರು ಬೆಂಗಳೂರು ನಗರಕ್ಕೆ ಹರಿಯತೊಡಗಿ ಎರಡು ವರ್ಷಗಳಷ್ಟೇ ಕಳೆದಿದ್ದವು. 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯಲ್ಲಿ ಬಂದ ಪ್ಲೇಗು ಮಾರಿ ಆ ನಗರವನ್ನು ಹೊಕ್ಕಿತು. ಇಲಿ ಸತ್ತು ಬಿದ್ದ ಮನೆಗಳಿಗೆ ಬೀಗ ಜಡಿದು ಜನ ಊರಾಚೆ ಗುಡಿಸಲು ಹಾಕಿಕೊಂಡರು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದವರ ಬಳಿ ಸುಳಿಯಲು ಒಡಹುಟ್ಟಿದವರೂ ಅಂಜಿದರು. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುವುದೆಂಬುದು ಅಂದಿನ ವೈದ್ಯರಿಗೇ ಖಚಿತವಾಗಿರಲಿಲ್ಲ. ಅಂಥ ದಿನಗಳಲ್ಲಿ ಪ್ಲೇಗು ಶಿಬಿರದ ಹೊಣೆ ಹೊತ್ತು ರೋಗಿಗಳ ನಡುವೆಯೇ ನಿಂತವರು ಮೈಸೂರು ಸಂಸ್ಥಾನದ ವೈದ್ಯ ಡಾ. ಪದ್ಮನಾಭನ್ ಪಲ್ಪು. ಅವರು ಈ ನಾಡಿನವರಲ್ಲ. ಹುಟ್ಟಿದ ನಾಡು ಅವರನ್ನು ಒಲ್ಲೆನೆಂದಿತ್ತು.

ಪಲ್ಪು ಜನಿಸಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟಾದಲ್ಲಿ, ಈಳವ ಕುಲದಲ್ಲಿ. ಆ ಕುಲದವರಿಗೆ ದೇವಾಲಯದ ಬಾಗಿಲಂತೆ ಸರ್ಕಾರಿ ಕಚೇರಿಯ ಬಾಗಿಲೂ ಮುಚ್ಚಿತ್ತು. ಬಡತನದಲ್ಲಿಯೇ ಇಂಗ್ಲಿಷ್ ವಿದ್ಯೆ ಕಲಿತ ತರುಣನಿಗೆ ವೈದ್ಯನಾಗುವ ಹಂಬಲ. ತಿರುವಾಂಕೂರಿನ ವೈದ್ಯಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾದರೂ ಜಾತಿಯ ದೆಸೆಯಿಂದ ಸ್ಥಳ ದೊರೆಯಲಿಲ್ಲ. ಪರೀಕ್ಷೆಯಲ್ಲಿ ಸೋತಿದ್ದರೆ ಮತ್ತೆ ಓದಬಹುದಿತ್ತು. ಹುಟ್ಟನ್ನು ತಿದ್ದಿಕೊಳ್ಳುವ ಬಗೆ ಯಾವುದು? ಪಲ್ಪು ಮದರಾಸಿಗೆ ಹೋದರು. ಹಣದ ಮುಗ್ಗಟ್ಟನ್ನು ಸಹಿಸುತ್ತ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿ ಪಡೆದರು.

ಪದವಿ ಕೈಯಲ್ಲಿದ್ದರೂ ತಿರುವಾಂಕೂರು ಅವರಿಗೆ ಉದ್ಯೋಗ ಕೊಡಲಿಲ್ಲ. ಬಿ.ಎ. ಓದಿದ ಅವರ ಅಣ್ಣ ವೇಲಾಯುಧನ್ ಅವರಿಗೂ ಅದೇ ಗತಿಯಾಯಿತು. ಮದರಾಸಿನಲ್ಲಿ ಕೆಲಕಾಲ ದುಡಿದ ಪಲ್ಪು ಅವರನ್ನು ಮೈಸೂರು ಸಂಸ್ಥಾನ ಸೇವೆಗೆ ತೆಗೆದುಕೊಂಡಿತು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ಸಿದ್ಧಪಡಿಸುವ ಕಾರ್ಯ ಅವರ ಪಾಲಿಗೆ ಬಂತು. ಕರುವಿನ ಚರ್ಮದ ಮೇಲೆ ಎಬ್ಬಿಸಿದ ಗುಳ್ಳೆಗಳ ರಸವನ್ನು ಶುಚಿಯಾಗಿ ಸಂಗ್ರಹಿಸಿ, ಕೆಡದಂತೆ ಹಳ್ಳಿಹಳ್ಳಿಗೆ ಕಳುಹಿಸುವ ನಾಜೂಕಿನ ಕೆಲಸವದು. ಮುಂದೆ ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಡಿಪ್ಲೊಮಾವನ್ನೂ ಅವರು ಗಳಿಸಿದರು.

ತಮಗೊಂದು ನೆಲೆ ಸಿಕ್ಕಿತೆಂದು ಪಲ್ಪು ಸುಮ್ಮನಾಗಲಿಲ್ಲ. ಅವರ ಹಿರಿಮೆ ಇರುವುದೇ ಇಲ್ಲಿ. 1891ರ ಮಲಯಾಳಿ ಮನವಿಗೆ ಅವರು ಸಹಿ ಹಾಕಿದರು. 1896ರಲ್ಲಿ 13,176 ಈಳವರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿ, ಶಾಲೆ ಮತ್ತು ಉದ್ಯೋಗಗಳಲ್ಲಿ ತಮ್ಮ ಜನಕ್ಕೂ ಪ್ರವೇಶ ಬೇಕೆಂದರು. ಮನವಿ ಫಲಿಸಲಿಲ್ಲ. ಮೈಸೂರು ಸೀಮೆಗೆ ಬಂದಿದ್ದ ಸ್ವಾಮಿ ವಿವೇಕಾನಂದರನ್ನು ಅವರು ಕಂಡು ಮಾತನಾಡಿದ್ದರು. ಜನರನ್ನು ಒಗ್ಗೂಡಿಸಲು ಅರ್ಜಿಗಳು ಸಾಲವು, ಅವರು ನಂಬುವ ಸಂತನೊಬ್ಬನ ಆಶ್ರಯ ಬೇಕೆಂಬ ತಿಳಿವು ಆ ಭೇಟಿಯಿಂದ ಮೂಡಿತೆಂದು ಹೇಳುವುದುಂಟು. 1903ರಲ್ಲಿ ನಾರಾಯಣ ಗುರುಗಳ ನೇತೃತ್ವದಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾದಾಗ ಪಲ್ಪು ಅದರ ಹಿಂದಿನ ಮುಖ್ಯ ಶಕ್ತಿಯಾಗಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಅವರ ಮಗ ನಟರಾಜನ್, ಗುರುಗಳ ಶಿಷ್ಯರಾಗಿ ನಟರಾಜ ಗುರು ಎಂದು ಹೆಸರಾದರು.

1936ರಲ್ಲಿ ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದುದನ್ನು ಕಾಣುವವರೆಗೆ ಪಲ್ಪು ಬದುಕಿದ್ದರು. ಅವರು ಕಾಲವಾದದ್ದು 1950ರ ಜನವರಿ 25ರಂದು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಭಾರತದ ಸಂವಿಧಾನ ಮರುದಿನ ಜಾರಿಗೆ ಬಂದಿತು.