ಮುಮ್ಮಡಿ ಕೃಷ್ಣರಾಜ ಒಡೆಯರು: ಶಾಸ್ತ್ರ ಮತ್ತು ಚಿತ್ರ

ಮೈಸೂರಿನ ಅರಸರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ರಾಜಕೀಯ ಇತಿಹಾಸಕಾರರು ಅಧಿಕಾರ ಕಳೆದುಕೊಂಡ ದೊರೆಯೆಂದು ನೆನೆಯುತ್ತಾರೆ; ಸಾಹಿತ್ಯ ಚರಿತ್ರಕಾರರು ಕವಿಪಂಡಿತರ ಆಶ್ರಯದಾತರೆಂದು ಗುರುತಿಸುತ್ತಾರೆ. ಇವೆರಡರ ನಡುವೆ ಅವರ ಮತ್ತೊಂದು ಸಾಧನೆ ಮರೆಯಾಗಿದೆ. ಗುರುವಿನೆದುರು ಕುಳಿತು, ಮಾಡಿ ಕಲಿಯಬೇಕಾದ ವಿದ್ಯೆಗಳನ್ನು ಬರಹದೊಡನೆ ಚಿತ್ರವನ್ನೂ ಕೂಡಿಸಿ ಗ್ರಂಥಸ್ಥಗೊಳಿಸಿದ ಕಾರ್ಯವೇ ಅದು.

ಖಾಸಾ ಚಾಮರಾಜ ಒಡೆಯರ ಪುತ್ರರಾದ ಇವರು ಜನಿಸಿದ್ದು 1794ರ ಜುಲೈ 14ರಂದು. ಶ್ರೀರಂಗಪಟ್ಟಣದ ಪತನಾನಂತರ, 1799ರ ಜೂನ್ 30ರಂದು, ಐದರ ಬಾಲಕನಿಗೆ ಪಟ್ಟಾಭಿಷೇಕವಾಯಿತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಪೋಷಣೆ ಹಾಗೂ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಬಾಲ್ಯ ಕಳೆಯಿತು. ಪ್ರಾಪ್ತವಯಸ್ಕರಾದ ಮೇಲೆ ಸುಮಾರು ಎರಡು ದಶಕ ಸ್ವತಃ ಆಳಿದರು. ಕೆಂಪುನಾರಾಯಣನ 'ಮುದ್ರಾಮಂಜೂಷ' 1823ರಲ್ಲಿ ರಚಿತವಾದದ್ದು ಈ ಕಾಲದಲ್ಲಿಯೇ. ನಗರದ ರೈತರ ದಂಗೆಯ ಬಳಿಕ, 1831ರಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಸಿಂಹಾಸನವುಳಿಯಿತು, ಆಳ್ವಿಕೆಯುಳಿಯಲಿಲ್ಲ. ರಾಜ್ಯವನ್ನು ಮರಳಿ ಪಡೆಯಲು ಸಲ್ಲಿಸಿದ ಮನವಿಗಳು ಫಲಿಸಲಿಲ್ಲ. ಕಲಾಪೋಷಣೆ ಅವರಿಗೆ ಮೊದಲಿನಿಂದಲೂ ಇದ್ದ ಒಲವು. ಆದರೆ ಮುಂದಿನ ಮೂವತ್ತೇಳು ವರ್ಷಗಳಲ್ಲಿ ಅವರು ನೇರವಾಗಿ ಆಳಬಹುದಾಗಿದ್ದುದು ಅರಮನೆಯ ಪಂಡಿತರು ಮತ್ತು ಚಿತ್ರಕಾರರ ಲೋಕವನ್ನು ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ಈ ಲೋಕದ ಮಹಾಫಲ 'ಶ್ರೀತತ್ತ್ವನಿಧಿ'. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳುಳ್ಳ ಈ ಸಂಸ್ಕೃತ ಗ್ರಂಥದಲ್ಲಿ ದೇವತೆಗಳ ಲಕ್ಷಣಗಳು ವರ್ಣಚಿತ್ರಗಳೊಡನೆ ನಿರೂಪಿತವಾಗಿವೆ. ಗಣಪತಿಯ 32 ರೂಪಗಳು ಇಲ್ಲಿಂದಲೇ ಪ್ರಸಿದ್ಧವಾದವು. ಇಂಥಲ್ಲಿ ಚಿತ್ರವು ಅಲಂಕಾರವಷ್ಟೇ ಎಂದು ಭಾವಿಸುವುದು ಸರಿಯಲ್ಲ. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನೇ ನಿದರ್ಶನವಾಗಿ ನೋಡಬಹುದು. ಕೇಶವನಿಗೂ ನಾರಾಯಣನಿಗೂ ಆಯುಧಗಳು ಅವೇ: ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ಕೈಗಳಲ್ಲಿ ಈ ನಾಲ್ಕನ್ನು 24 ಬಗೆಯಾಗಿ ಹೊಂದಿಸಬಹುದು. ಒಂದೊಂದು ಹೊಂದಿಕೆಗೂ ಒಂದೊಂದು ನಾಮ. ಕೈಗಳನ್ನು ಯಾವ ಕಡೆಯಿಂದ ಎಣಿಸಬೇಕು, ಬಲವೆಂದರೆ ಮೂರ್ತಿಯ ಬಲವೋ ನೋಡುವವನ ಬಲವೋ ಎಂಬಲ್ಲಿ ಶಿಲ್ಪಿ ತಪ್ಪಿದರೆ ದೇವರೇ ಬದಲಾಗುತ್ತಾನೆ. ಶ್ಲೋಕವು ಉಳಿಸುವ ಈ ಸಂದೇಹವನ್ನು ಚಿತ್ರವು ಒಂದೇ ನೋಟದಲ್ಲಿ ಪರಿಹರಿಸುತ್ತದೆ.

ಕೌತುಕನಿಧಿಯ ಯೋಗಭಾಗದಲ್ಲಿ ಈ ಪ್ರಯೋಜನ ಮತ್ತಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ 122 ಆಸನಗಳು ಸಚಿತ್ರವಾಗಿ ವಿವರಿಸಲ್ಪಟ್ಟಿವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿವೆ. ಪದ್ಮಾಸನದಲ್ಲಿ ಕುಳಿತು, ತೊಡೆಗೂ ಮೀನಖಂಡಕ್ಕೂ ನಡುವೆ ಕೈಗಳನ್ನು ತೂರಿಸಿ, ಅಂಗೈಗಳ ಮೇಲೆ ದೇಹವನ್ನೆತ್ತಬೇಕೆಂದು ಹೇಳಿದರೆ ಓದುಗನಿಗೆ ಪದಾರ್ಥ ತಿಳಿದೀತು, ದೇಹದ ವಿನ್ಯಾಸ ತಿಳಿಯುವುದು ಕಷ್ಟ. ಆದರೆ ಚಿತ್ರಕ್ಕೂ ಮಿತಿಯುಂಟು. ಈ ಆಸನಗಳಲ್ಲಿ ಹಲವು ಚಲನೆಯಿಂದ ಕೂಡಿದವು. ಏಳುವುದು, ಇಳಿಯುವುದು, ಮತ್ತೆ ಮತ್ತೆ ಆವರ್ತಿಸುವುದು ಅವುಗಳ ಜೀವ. ಚಿತ್ರಕಾರನು ಹಿಡಿಯಬಲ್ಲದ್ದು ಅದರ ಒಂದು ಕ್ಷಣವನ್ನು ಮಾತ್ರ. ಆದ್ದರಿಂದ ಇಲ್ಲಿ ಚಿತ್ರವು ಭಂಗಿಯನ್ನು ಹೇಳಿದರೆ ಬರಹವು ಕ್ರಿಯೆಯನ್ನು ಹೇಳುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವನಿಗೆ ಆಸನವು ಪೂರ್ತಿಯಾಗಿ ದಕ್ಕುವುದಿಲ್ಲ.

ಚದುರಂಗದಲ್ಲಿ ಒಡೆಯರಿಗಿದ್ದ ಆಸಕ್ತಿಯೂ ಇದೇ ಜಾಡಿನದು. ಕುದುರೆಯ ನಡೆಯಿಂದ 64 ಮನೆಗಳನ್ನೂ ಒಮ್ಮೆಗೊಂದರಂತೆ ಮುಟ್ಟಿಬರುವ ಬಂಧಗಳನ್ನು ಅವರು ರಚಿಸಿದರು. ಗೋಮೂತ್ರಿಕೆ, ಮುರಜ, ತುರಗಪದ ಮೊದಲಾದ ಚಿತ್ರಬಂಧಗಳನ್ನು ಬಲ್ಲ ಕಾವ್ಯಾಭ್ಯಾಸಿಗೆ ಇದು ಅಪರಿಚಿತವಲ್ಲ. 63 ನೆಗೆತಗಳನ್ನು ವಾಕ್ಯಗಳಲ್ಲಿ ಬರೆದರೆ ಓದುಗನು ಹತ್ತನೆಯದರಲ್ಲೇ ದಾರಿ ತಪ್ಪುತ್ತಾನೆ. ಮನೆಗಳಲ್ಲಿ ಅಂಕೆಗಳನ್ನು ತುಂಬಿದ ಒಂದು ಪಟವಿದ್ದರೆ ಮಗುವೂ ಕುದುರೆಯನ್ನು ನಡೆಸಬಲ್ಲದು. 1861ರಲ್ಲಿ ನಿರ್ಮಾಣಗೊಂಡ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಇಂಥ ಆಟದ ಪಟಗಳು ಚಿತ್ರಿತವಾಗಿವೆ.

ಇಷ್ಟಾದರೂ ಚಿತ್ರವಿದ್ದಲ್ಲೆಲ್ಲ ವಿದ್ಯೆ ಉಳಿಯಿತೆನ್ನಲಾಗದು. ಕೌತುಕನಿಧಿಯಲ್ಲಿಯೇ 13 ಬಗೆಯ ಛದ, ಅಂದರೆ ಗಂಜೀಫಾ ಎಲೆಯಾಟಗಳ ನಿರೂಪಣೆಯಿದೆ. ಎಲೆಗಳ ಮೇಲಿನ ದೇವತೆಗಳು, ಅವುಗಳ ವರ್ಗಗಳು ಎಲ್ಲವೂ ಅಲ್ಲಿ ವಿಹಿತವಾಗಿವೆ. ಆದರೆ ಜಟಿಲವಾದ ಈ ಆಟಗಳು ಅರಮನೆಯ ಹೊರಗೆ ಬೇರೂರಲಿಲ್ಲ. ಎಲೆಗಳು ಇಂದು ಸಂಗ್ರಹಯೋಗ್ಯ ಕಲಾವಸ್ತುಗಳಾಗಿ ಉಳಿದಿವೆ, ಆಡುವವರು ಉಳಿದಿಲ್ಲ. ಚಿತ್ರವು ರೂಪವನ್ನು ಕಾಪಾಡೀತು. ರೂಢಿಯನ್ನು ಕಾಪಾಡಲು ಅದನ್ನು ಆಚರಿಸುವ ಜನಸಮುದಾಯವೇ ಬೇಕು.

ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಅದಕ್ಕೆ ಬ್ರಿಟಿಷ್ ಸರ್ಕಾರದ ಮನ್ನಣೆ ದೊರೆಯಿತು. ರಾಜ್ಯವು ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1868ರ ಮಾರ್ಚ್ 27ರಂದು ಅವರು ನಿಧನರಾದರು.

ಆಸನಗಳ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ರಚಿಸಿದ 'ಯೋಗಮಕರಂದ'ದಲ್ಲಿ ಚಿತ್ರದ ಸ್ಥಾನವನ್ನು ಛಾಯಾಚಿತ್ರ ವಹಿಸಿಕೊಂಡಿತು. 1996ರಲ್ಲಿ ಎನ್. ಇ. ಶೋಮನ್ ಅವರು ಕೌತುಕನಿಧಿಯ ಆಸನಚಿತ್ರಗಳನ್ನು ಪ್ರಕಟಿಸಿದಾಗ ವಿದ್ವಲ್ಲೋಕದ ಗಮನ ಮೈಸೂರಿನತ್ತ ಹರಿಯಿತು. 2019ರಲ್ಲಿ ಜೇಸನ್ ಬರ್ಚ್ ಮತ್ತು ಮಾರ್ಕ್ ಸಿಂಗಲ್ಟನ್ ಪ್ರಕಟಿಸಿದ ಸಂಶೋಧನೆಯು ಈ ವಿವರಣೆಗಳ ಮೂಲವನ್ನು 'ಹಠಾಭ್ಯಾಸಪದ್ಧತಿ' ಎಂಬ ಗ್ರಂಥದಲ್ಲಿ ಗುರುತಿಸಿತು. ಅಲ್ಲಿ ಆಸನಗಳು ಒಂದರ ಬೆನ್ನಿಗೆ ಒಂದು ಬರುವ ಸರಣಿಯಾಗಿ ಜೋಡಣೆಗೊಂಡಿವೆ. ಬಿಡಿಬಿಡಿಯಾದ ಚಿತ್ರಗಳು ತೋರಲಾರದಿದ್ದ ಆ ಅನುಕ್ರಮವನ್ನು ತಿಳಿಯಲು ವಿದ್ವಾಂಸರು ಮತ್ತೆ ಬರಹದ ಮೊರೆಹೋಗಬೇಕಾಯಿತು. ಮೂಲಗ್ರಂಥದಲ್ಲಿದ್ದ ಬರಹಕ್ಕೆ ಆಕಾರ ಕೊಟ್ಟದ್ದು ಮಾತ್ರ ಮುಮ್ಮಡಿಯವರ ಚಿತ್ರಶಾಲೆಯೇ.