ಬೆಳಕನ್ನು ಕೊಳವೆಯಲ್ಲಿ ಹರಿಸಿದ ಜಾನ್ ಟಿಂಡಾಲ್

ಹಾಲು ಬೆರೆಸಿದ ನೀರಿಗೆ ಟಾರ್ಚ್ ಬಿಟ್ಟರೆ ಬೆಳಕಿನ ಹಾದಿ ಕಾಣುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ಇದನ್ನು ಟಿಂಡಾಲ್ ಪರಿಣಾಮವೆಂದು ಓದುತ್ತೇವೆ. ಈ ಹೆಸರಿನ ಹಿಂದಿರುವ ವಿಜ್ಞಾನಿಯ ಬದುಕು ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ಜಾನ್ ಟಿಂಡಾಲ್ 1820ರಲ್ಲಿ ಐರ್ಲೆಂಡಿನಲ್ಲಿ ಜನಿಸಿದರು. ತಂದೆ ಪೊಲೀಸ್ ಪೇದೆ. ಮನೆಯಲ್ಲಿ ಅನುಕೂಲವಿರಲಿಲ್ಲವಾದ್ದರಿಂದ ಹದಿಹರೆಯದಲ್ಲೇ ಸರ್ವೆ ಇಲಾಖೆಗೆ ಸೇರಿದರು. ನೌಕರರ ಸಂಬಳದ ವಿಚಾರವಾಗಿ ಪ್ರತಿಭಟಿಸಿದ್ದಕ್ಕೆ 1843ರಲ್ಲಿ ಕೆಲಸ ಕಳೆದುಕೊಂಡರು. ಆಮೇಲೆ ರೈಲು ಮಾರ್ಗಗಳ ಸರ್ವೆ ಮಾಡಿದರು, ಶಾಲೆಯಲ್ಲಿ ಗಣಿತ ಕಲಿಸಿದರು. ಕೂಡಿಟ್ಟ ಹಣದಲ್ಲಿ 28ನೇ ವಯಸ್ಸಿಗೆ ಜರ್ಮನಿಯ ಮಾರ್ಬುರ್ಗ್‌ಗೆ ಹೋಗಿ, ಬುನ್ಸೆನ್ ಅವರಂಥ ಗುರುಗಳ ಬಳಿ ಕಲಿತು ಡಾಕ್ಟರೇಟ್ ಪಡೆದರು.

1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾದರು. ಫ್ಯಾರಡೆ ಅಲ್ಲಿ ಅವರ ಹಿರಿಯ ಸಹೋದ್ಯೋಗಿ. ಮರುವರ್ಷ ಸಭಿಕರ ಮುಂದೆ ಒಂದು ಪ್ರಯೋಗ ತೋರಿಸಿದರು. ತೊಟ್ಟಿಯ ತೂತಿನಿಂದ ಬಾಗಿ ಸುರಿಯುವ ನೀರಿನ ಧಾರೆಯೊಳಗೆ ಬೆಳಕು ಬಿಟ್ಟಾಗ, ಬೆಳಕೂ ಧಾರೆಯೊಂದಿಗೆ ಬಾಗಿ ಸಾಗಿತು. ಪೂರ್ಣ ಆಂತರಿಕ ಪ್ರತಿಫಲನವೇ ಇದಕ್ಕೆ ಕಾರಣ. ಜಿನೀವಾದ ಕೊಲಾಡನ್ ಇದನ್ನು ಮೊದಲೇ ತೋರಿಸಿದ್ದರು. ಇಂದಿನ ಆಪ್ಟಿಕಲ್ ಫೈಬರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಅವರ ದೊಡ್ಡ ಸಾಧನೆ 1859ರದ್ದು. ಹಿತ್ತಾಳೆಯ ಉದ್ದ ಕೊಳವೆಯಲ್ಲಿ ಅನಿಲ ತುಂಬಿ, ಅದರ ಮೂಲಕ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಹಾಯಿಸಿದರು. ಗಾಜು ಈ ಕಿರಣಗಳನ್ನು ತಡೆಯುವುದರಿಂದ ಕೊಳವೆಯ ತುದಿಗಳನ್ನು ಕಲ್ಲುಪ್ಪಿನ ಫಲಕಗಳಿಂದ ಮುಚ್ಚಿದರು. ನೈಟ್ರೋಜನ್, ಆಕ್ಸಿಜನ್‌ಗಳಲ್ಲಿ ಕಿರಣಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಹಾದುಹೋದವು. ನೀರಾವಿ, ಕಾರ್ಬನ್ ಡೈಆಕ್ಸೈಡ್ ಅವನ್ನು ಹೀರಿಕೊಂಡವು. ಒಂದೊಂದು ಬಗೆಯ ಅಣುವೂ ಕಿರಣಕ್ಕೆ ಒಂದೊಂದು ರೀತಿಯಲ್ಲಿ ಸ್ಪಂದಿಸುತ್ತದೆಂಬುದು ಅಳತೆಯಿಂದಲೇ ಸಿದ್ಧವಾಯಿತು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಇಂದು ನಡೆಯುವ ಅಧ್ಯಯನಕ್ಕೆ ಈ ಅಳತೆಗಳು ತಳಪಾಯ.

1872-73ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ನೀಡಿ ಬಂದ ಲಾಭವನ್ನೆಲ್ಲ ಅಲ್ಲಿನ ವಿಜ್ಞಾನ ಶಿಕ್ಷಣಕ್ಕೇ ಕೊಟ್ಟರು. 1893ರಲ್ಲಿ ಪತ್ನಿ ಕಣ್ತಪ್ಪಿನಿಂದ ನಿದ್ದೆಯ ಔಷಧವನ್ನು ಅತಿಯಾಗಿ ಕೊಟ್ಟಿದ್ದರಿಂದ ಮರಣ ಹೊಂದಿದರು.

ಇಂದು ವಿಜ್ಞಾನಿಗಳು ಕೂದಲಿಗಿಂತ ನೂರು ಪಟ್ಟು ತೆಳುವಾದ ಗಾಜಿನ ಎಳೆಯಲ್ಲಿ ಬೆಳಕು ಹರಿಸಿ, ಒಂದೇ ಒಂದು ಅಣು ಅದಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡುತ್ತಾರೆ. ಉಪಕರಣ ಬದಲಾಗಿದೆ, ಪ್ರಶ್ನೆ ಟಿಂಡಾಲ್ ಕೇಳಿದ್ದೇ. ಕೆಲಸ ಕಳೆದುಕೊಂಡರೂ ಕಲಿಕೆ ಬಿಡದ ಪೇದೆಯ ಮಗನೊಬ್ಬ ಅದನ್ನು ಕೇಳಿದ್ದನೆಂಬುದು ನಮ್ಮ ನೆನಪಿನಲ್ಲಿರಲಿ.