ಪಾಂಪೆ ಕಂಡ ಆ ಪುಟ್ಟ ಹೃದಯ

ಬಿಳಿಕೆರೆ, ಹುಣಸೂರಿನ ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತರುವುದು ಹಳೆಯ ವಾಡಿಕೆ. ಕೂಸೊಂದು ಕತ್ತು ನಿಲ್ಲಿಸಲಾರದೆ, ಹಾಲು ಹೀರಲಾರದೆ ತೀರಿಕೊಂಡರೆ ಹಣೆಬರಹವೆಂದು ಸುಮ್ಮನಾಗುವುದೂ ಹಳೆಯದೇ. ಹಾಗೆ ಸುಮ್ಮನಾಗದ ವೈದ್ಯರೊಬ್ಬರನ್ನು ನಾನಿಲ್ಲಿ ಸ್ಮರಿಸಬಯಸುತ್ತೇನೆ.

ಜೊಹಾನೆಸ್ ಪಾಂಪೆ 1901ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಜನಿಸಿದರು. 1930ರ ಡಿಸೆಂಬರ್‌ನಲ್ಲಿ, ನ್ಯುಮೋನಿಯಾದಿಂದ ಸತ್ತ ಏಳು ತಿಂಗಳ ಹೆಣ್ಣುಕೂಸಿನ ಶವಪರೀಕ್ಷೆ ನಡೆಸಿದಾಗ ಅವರಿಗೆ ಕಂಡದ್ದು ವಿಪರೀತ ಹಿಗ್ಗಿದ ಹೃದಯ. ಸ್ನಾಯುಗಳ ತುಂಬ ಗ್ಲೈಕೋಜೆನ್ ಶೇಖರವಾಗಿತ್ತು. 1932ರಲ್ಲಿ ಅದನ್ನು ಪ್ರಕಟಿಸಿದರು. ಆ ರೋಗಕ್ಕೆ ಅವರ ಹೆಸರೇ ನಿಂತಿತು. ಗ್ಲೈಕೋಜೆನ್ನನ್ನು ಒಡೆಯುವ ಕಿಣ್ವದ ಕೊರತೆಯೇ ಕಾರಣವೆಂದು ಬೆಲ್ಜಿಯಂನ ಹೆನ್ರಿ ಹೆರ್ಸ್ ತೋರಿಸಿದ್ದು 1963ರಲ್ಲಿ.

ಅದನ್ನು ನೋಡಲು ಪಾಂಪೆ ಉಳಿದಿರಲಿಲ್ಲ. ನಾಜಿ ಆಕ್ರಮಣದ ವಿರುದ್ಧ ಗುಪ್ತ ಹೋರಾಟಕ್ಕಿಳಿದ ಅವರು ತಮ್ಮ ಪ್ರಯೋಗಾಲಯದಲ್ಲೇ ರೇಡಿಯೊ ಪ್ರೇಷಕವನ್ನು ಅಡಗಿಸಿಟ್ಟಿದ್ದರು. ಸೆರೆಸಿಕ್ಕಿ, 1945ರ ಏಪ್ರಿಲ್ 15ರಂದು, ದೇಶದ ಬಿಡುಗಡೆಗೆ ಮೂರು ವಾರವೂ ಇಲ್ಲದಾಗ, ಗುಂಡಿಗೆ ಬಲಿಯಾದರು.

ತಂದೆತಾಯಿ ಇಬ್ಬರೂ ದೋಷಯುಕ್ತ ವಂಶವಾಹಿಯನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದ ಮದುವೆಯಲ್ಲಿ ಅಂಥ ಜೋಡಿ ಕೂಡುವ ಸಂಭವ ಹೆಚ್ಚು. ಇಂದು ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದಲೇ ಕಿಣ್ವದ ಕೊರತೆಯನ್ನು ಗುರುತಿಸಬಹುದು. 2006ರಿಂದ ಬದಲಿ ಕಿಣ್ವದ ಚಿಕಿತ್ಸೆಯಿದೆ. ಅದು ದುಬಾರಿ, ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ಇದಕ್ಕೂ ಸ್ಥಾನವಿದೆ. ಆದರೆ ತಡವಾದಷ್ಟೂ ಚಿಕಿತ್ಸೆಯ ಫಲ ಕುಗ್ಗುತ್ತದೆ. ಆದ್ದರಿಂದ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸೊರಗಿದ ಕೂಸಿನ ಸ್ನಾಯುವನ್ನೂ ಹೃದಯವನ್ನೂ ಒಟ್ಟಿಗೆ ನೋಡುವ, ಅನುಮಾನ ಬಂದೊಡನೆ ಆ ರಕ್ತದ ಹನಿಯನ್ನು ಬೆಂಗಳೂರಿಗೆ ಕಳಿಸುವ ಪದ್ಧತಿ ಬೇರೂರಬೇಕು. ಪಾಂಪೆ ಸತ್ತ ಕೂಸಿನಲ್ಲಿ ಕಂಡದ್ದನ್ನು ನಾವು ಬದುಕಿರುವ ಕೂಸಿನಲ್ಲೇ ಕಾಣಬೇಕಾಗಿದೆ.